ನಮ್ಮ ಫೋನ್ ಮೇಲೆ ಸರ್ಕಾರದ ಕಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್ ಕದ್ದಾಲಿಕೆ, ಟವರ್ ಲೊಕೇಶನ್, ಪೆಗಾಸಸ್ ಎಂಬ ಸ್ಪೈವೇರ್ (ಫೋನ್ ಒಳಗೆ ಹೊಕ್ಕು ಬೇಹುಗಾರಿಕೆ ಮಾಡುವ ಸಾಫ್ಟ್‌ವೇರ್). ಈ ವಿಷಯಗಳ ಬಗ್ಗೆ ಎಲ್ಲಿ ಮಾತಾಡಿದರೂ, ಏನು ಬರೆದರೂ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಿ. ನಿಮ್ಮದೇ ಕೇಸ್ ನಡೆಯುತ್ತಿದ್ದರೆ ಮಾತ್ರ ಇದನ್ನು ನಂಬಿ ಕೂರದೆ ವಕೀಲರನ್ನು ಕಾಣಿ.

## ಮೊದಲು ಕೇಳುವವು

ನಾನು ಎಲ್ಲಿದ್ದೀನಿ ಅಂತ ಸರ್ಕಾರಕ್ಕೆ ಯಾವಾಗಲೂ ಗೊತ್ತಿರುತ್ತಾ?

ಯಾವಾಗಲೂ ಗೊತ್ತಿರುವುದು ನಿಮ್ಮ ಸಿಮ್ ಕಂಪನಿಗೆ. ಸರ್ಕಾರ ಕಾನೂನು ಪ್ರಕಾರ ಕೇಳಿದರೆ ಕಂಪನಿ ಕೊಡಲೇಬೇಕು.

ಫೋನ್ ಆನ್ ಇದ್ದಷ್ಟು ಹೊತ್ತೂ ಅದು ಹತ್ತಿರದ ಟವರ್ ಜೊತೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಇಲ್ಲದಿದ್ದರೆ ನಿಮಗೆ ಬಂದ ಕರೆಯನ್ನು ಯಾವ ಟವರ್‌ಗೆ ಕಳಿಸಬೇಕು ಅಂತ ನೆಟ್‌ವರ್ಕ್‌ಗೆ ತಿಳಿಯುವುದೇ ಇಲ್ಲ. ಇದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ, ಬಟನ್ ಫೋನ್ ಆದರೂ ಅಷ್ಟೇ. ಬೆಂಗಳೂರಿನ ಮೆಜೆಸ್ಟಿಕ್‌ನಂಥ ಕಡೆ ಟವರ್‌ಗಳು ಒತ್ತೊತ್ತಾಗಿವೆ. ಹಾಗಾಗಿ ಕೆಲವು ನೂರು ಮೀಟರ್ ಒಳಗೆ ಜಾಗ ಹೇಳಬಹುದು. ಮಲೆನಾಡಿನ ಗುಡ್ಡದ ಮೇಲಿನ ಒಂಟಿ ಟವರ್ ಆದರೆ ಆ ಅಂದಾಜು ಕಿಲೋಮೀಟರ್‌ಗಟ್ಟಲೆ ಅಗಲವಾಗುತ್ತದೆ. "ಟವರ್ ಲೊಕೇಶನ್ ಸಿಕ್ಕಿದೆ" ಅಂದರೆ ಮನೆ ನಂಬರ್ ಸಿಕ್ಕಿತು ಅಂತ ಅರ್ಥ ಅಲ್ಲ.

ಲೊಕೇಶನ್ ಆಫ್ ಮಾಡಿಟ್ಟರೆ ಸಾಕಲ್ವಾ?

ಸಾಲದು. ಆ ಬಟನ್ ಆಫ್ ಮಾಡಿದರೆ ಆಪ್‌ಗಳಿಗೆ ನಿಮ್ಮ ಜಾಗ ಸಿಗುವುದು ಕಡಿಮೆಯಾಗುತ್ತದೆ. ಟವರ್ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಏರೋಪ್ಲೇನ್ ಮೋಡ್ ಹಾಕಿದರೆ ಅಥವಾ ಫೋನ್ ಸ್ವಿಚ್ ಆಫ್ ಮಾಡಿದರೆ ಟವರ್ ಜೊತೆಗಿನ ಸಂಪರ್ಕ ನಿಲ್ಲುತ್ತದೆ. ಆದರೆ ಕೊನೆಗೆ ಎಲ್ಲಿದ್ದಿರಿ, ಮತ್ತೆ ಎಲ್ಲಿ ಆನ್ ಮಾಡಿದಿರಿ ಎನ್ನುವುದು ಕಂಪನಿಯ ದಾಖಲೆಯಲ್ಲಿ ಉಳಿದಿರುತ್ತದೆ.

ಸಿಮ್ ಬದಲಾಯಿಸಿದರೆ ತಪ್ಪಿಸಿಕೊಳ್ಳಬಹುದಾ?

ಆಗಲ್ಲ. ಪ್ರತಿ ಫೋನ್‌ಗೂ 15 ಅಂಕಿಯ ಐಎಂಇಐ ನಂಬರ್ ಇದೆ. ಹೊಸ ಸಿಮ್ ಹಾಕಿದ ಕೂಡಲೇ ನೆಟ್‌ವರ್ಕ್‌ಗೆ "ಹಳೇ ಫೋನ್, ಹೊಸ ನಂಬರ್" ಅಂತ ಕಾಣುತ್ತದೆ. ಕಳುವಾದ ಫೋನ್ ಪತ್ತೆ ಮಾಡುವುದೂ ಇದರಿಂದಲೇ.

ಸಿಡಿಆರ್ ಅಂದ್ರೆ ಏನು? ಅದರಲ್ಲಿ ನನ್ನ ಮಾತು ರೆಕಾರ್ಡ್ ಆಗಿರುತ್ತಾ?

ಮಾತು ಇರಲ್ಲ. ಸಿಡಿಆರ್ ಅಂದರೆ ಕರೆಗಳ ವಿವರ: ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್ ಕೆಳಗಿನಿಂದ. ಮೊದಲು ಇದನ್ನು ಒಂದು ವರ್ಷ ಇಟ್ಟರೆ ಸಾಕಿತ್ತು. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ಬದಲಿಸಿ ಕನಿಷ್ಠ ಎರಡು ವರ್ಷ ಇಡಬೇಕು ಎಂದಿತು.

"ಮಾತೇ ಇಲ್ಲದ ಮೇಲೆ ಏನಾಗುತ್ತೆ ಬಿಡಿ" ಅಂತ ತುಂಬಾ ಜನ ಹೇಳುತ್ತಾರೆ. ಒಬ್ಬರ ದಾಖಲೆ ಹೀಗಿದೆ ಅಂದುಕೊಳ್ಳಿ. ಮಂಗಳವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಪಕ್ಕದ ಟವರ್. ಅಲ್ಲಿಂದ ಅಣ್ಣನಿಗೆ ನಲವತ್ತು ನಿಮಿಷದ ಕರೆ. ಸಂಜೆ ಇನ್ಶೂರೆನ್ಸ್ ಏಜೆಂಟ್‌ಗೆ. ಮರುದಿನ ಚಿನ್ನದ ಸಾಲ ಕೊಡುವವರಿಗೆ. ಒಂದು ಮಾತೂ ಕೇಳಿಸಿಕೊಳ್ಳದೆ ಅವರ ಮನೆಯಲ್ಲಿ ಏನಾಗಿದೆ ಅಂತ ಗೊತ್ತಾಗಲಿಲ್ವಾ? ಕದ್ದಾಲಿಸಬೇಕಾದರೆ ಯಾರಾದರೂ ಕೂತು ಗಂಟೆಗಟ್ಟಲೆ ಕೇಳಬೇಕು. ಸಿಡಿಆರ್ ಓದಲು ಕಂಪ್ಯೂಟರ್ ಸಾಕು.

ನಾನು ಆ ಜಾಗದಲ್ಲಿ ಸುಮ್ನೆ ಬಸ್‌ಗೆ ಕಾಯ್ತಾ ಇದ್ದೆ. ನನ್ನ ನಂಬರೂ ಪೊಲೀಸರಿಗೆ ಹೋಗುತ್ತಾ?

ಹೋಗಬಹುದು. ಇದಕ್ಕೆ ಟವರ್ ಡಂಪ್ ಅನ್ನುತ್ತಾರೆ. ಕಳ್ಳತನವೋ ಕೊಲೆಯೋ ಆದಾಗ, ಆ ಹೊತ್ತಿನಲ್ಲಿ ಆ ಟವರ್ ಬಳಸಿದ ಎಲ್ಲ ನಂಬರ್‌ಗಳ ಪಟ್ಟಿಯನ್ನು ಪೊಲೀಸರು ಕಂಪನಿಯಿಂದ ತರಿಸುತ್ತಾರೆ. ಆರೋಪಿ ಯಾರು ಅಂತ ಗೊತ್ತಿಲ್ಲದಾಗ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನನ್ನ ತಕರಾರು ಆಮೇಲೆ ಏನಾಗುತ್ತದೆ ಎನ್ನುವುದರ ಬಗ್ಗೆ. ಸಂಬಂಧವೇ ಇಲ್ಲದ ಸಾವಿರಾರು ಜನರ ನಂಬರ್ ಯಾರ ಕಂಪ್ಯೂಟರ್‌ನಲ್ಲಿ ಎಷ್ಟು ದಿನ ಇರಬೇಕು, ಯಾವಾಗ ಅಳಿಸಬೇಕು ಅಂತ ಸಾರ್ವಜನಿಕರಿಗೆ ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ತಪ್ಪು ಮಾಡದವರು ಯಾಕೆ ಹೆದರಬೇಕು? ನೋಡಿದರೆ ನೋಡಲಿ ಬಿಡಿ.

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ.

ಮೊದಲನೆಯದಾಗಿ, ಹೆದರಬೇಕಾದ್ದು ನಿಮ್ಮ ತಪ್ಪಿಗಲ್ಲ, ನೋಡುವವರ ತಪ್ಪಿಗೆ. 2013ರಲ್ಲಿ ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಸಿಡಿಆರ್ ಅನ್ನು ಅಕ್ರಮವಾಗಿ ತೆಗೆಸಲು ಹೋದ ಪ್ರಕರಣದಲ್ಲಿ ದೆಹಲಿ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಬಂಧನವಾಯಿತು. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಸಿಡಿಆರ್ ಮಾರುತ್ತಿದ್ದ ಖಾಸಗಿ ಡಿಟೆಕ್ಟಿವ್‌ಗಳ ಜಾಲವನ್ನೇ ಹಿಡಿದರು. ಇದೇ ಆರೋಪದ ಮೇಲೆ 2024ರಲ್ಲಿ ಬೆಂಗಳೂರಿನ ಸಿಸಿಬಿಯೂ ಡಿಟೆಕ್ಟಿವ್ ಏಜೆನ್ಸಿಗಳವರನ್ನು ಬಂಧಿಸಿತು. ತನಿಖೆಗೆಂದು ಇಟ್ಟ ಮಾಹಿತಿ ಗಂಡ ಹೆಂಡಿರ ಜಗಳಕ್ಕೆ, ವ್ಯಾಪಾರದ ದ್ವೇಷಕ್ಕೆ ಮಾರಾಟವಾಗುತ್ತಿದೆ. ದೇಶದ ದೊಡ್ಡ ನಾಯಕರ ದಾಖಲೆಗೇ ಕೈ ಹಾಕಿದವರಿಗೆ ನಿಮ್ಮದು ಎಷ್ಟರ ಲೆಕ್ಕ?

ಎರಡನೆಯದಾಗಿ, ನಿಮಗೆ ಮುಚ್ಚಿಡುವುದು ಇಲ್ಲದಿರಬಹುದು. ಹಾಸ್ಟೆಲ್‌ನಲ್ಲಿ ಕೊಡುವ ಕೆಟ್ಟ ಊಟದ ಬಗ್ಗೆ ಪತ್ರಕರ್ತರಿಗೆ ಫೋನ್ ಮಾಡುವ ವಿದ್ಯಾರ್ಥಿಗೆ ಇದೆ. ಇಲಾಖೆಯ ಲಂಚದ ಬಗ್ಗೆ ಲೋಕಾಯುಕ್ತಕ್ಕೆ ಸುಳಿವು ಕೊಡುವ ಗುಮಾಸ್ತರಿಗೆ ಇದೆ. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಮನೆಯವರಿಗೆ ಹೆದರಿ ಬೇರೆ ಊರಿನಲ್ಲಿರುವ ಹುಡುಗಿಗೆ ಇದೆ. ಇವರು ಯಾರೂ ತಪ್ಪು ಮಾಡಿದವರಲ್ಲ. ಇವರ ಫೋನ್ ಸುರಕ್ಷಿತವಾಗಿರಬೇಕಾದರೆ ನಮ್ಮೆಲ್ಲರ ಫೋನೂ ಸುರಕ್ಷಿತವಾಗಿರಬೇಕು. ಇವರಿಗೆ ಮಾತ್ರ ಬೇರೆ ನೆಟ್‌ವರ್ಕ್ ಇಲ್ಲವಲ್ಲ.

ಮೂರನೆಯದು ಸರ್ಕಾರ ಬದಲಾಗುವ ವಿಷಯ. ಇವತ್ತಿನ ಸರ್ಕಾರದ ಮೇಲೆ ನಿಮಗೆ ಪೂರ್ತಿ ನಂಬಿಕೆ ಇರಬಹುದು. ಅಧಿಕಾರ, ಯಂತ್ರ, ಕಡತ ಎಲ್ಲವೂ ಮುಂದಿನ ಸರ್ಕಾರಕ್ಕೂ ಸಿಗುತ್ತವೆ.

ಹಾಗಾದರೆ ಪೊಲೀಸರು ಯಾರ ಫೋನೂ ನೋಡಲೇಬಾರದು ಅಂತೀರಾ?

ಇಲ್ಲ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ನಡೆಯುತ್ತಿದ್ದಾಗ, ದಾಳಿಕೋರರಿಗೂ ಪಾಕಿಸ್ತಾನದಲ್ಲಿದ್ದ ಅವರ ಸೂತ್ರಧಾರರಿಗೂ ನಡೆದ ಮಾತನ್ನು ನಮ್ಮವರು ಕದ್ದಾಲಿಸಿದ್ದರಿಂದಲೇ ದೊಡ್ಡ ಸಾಕ್ಷ್ಯ ಸಿಕ್ಕಿತು. ಕಾಣೆಯಾದ ಮಗುವನ್ನೋ ಕಾಡಿನಲ್ಲಿ ದಾರಿ ತಪ್ಪಿದ ಚಾರಣಿಗರನ್ನೋ ಹುಡುಕುವಾಗ ಟವರ್ ಲೊಕೇಶನ್ ಜೀವ ಉಳಿಸುತ್ತದೆ. ಅಧಿಕಾರ ಬೇಕು. ಆದರೆ ಅದನ್ನು ಬಳಸುವವರನ್ನು ಸರ್ಕಾರದ ಹೊರಗಿನವರೊಬ್ಬರು ಪ್ರಶ್ನಿಸುವಂತಿರಬೇಕು. ಈಗ ಹಾಗಿಲ್ಲ, ನನ್ನ ಆಕ್ಷೇಪ ಇರುವುದು ಅದಕ್ಕೆ.

## ಕೋಡ್, ಟಿಕ್, ಫಾರ್ವರ್ಡ್

ವಾಟ್ಸಾಪ್‌ನಲ್ಲಿ ಮೂರು ನೀಲಿ ಟಿಕ್ ಬಂದರೆ ಸರ್ಕಾರ ನೋಡಿದೆ ಅಂತೆ, ನಿಜನಾ?

ಸುಳ್ಳು. ವಾಟ್ಸಾಪ್‌ನಲ್ಲಿ ಮೂರನೇ ಟಿಕ್ ಇಲ್ಲವೇ ಇಲ್ಲ, ಕೆಂಪು ಟಿಕ್ಕೂ ಇಲ್ಲ. ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಇದು ಸುಳ್ಳು ಎಂದಿದೆ. ನಿಜವಾಗಿ ಯಾರಾದರೂ ನೋಡುತ್ತಿದ್ದರೆ ನಿಮಗೆ ಟಿಕ್ ಹಾಕಿ ತಿಳಿಸುತ್ತಾರಾ?

ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿದರೆ ಟ್ಯಾಪ್ ಆಗಿರೋದು ಗೊತ್ತಾಗುತ್ತಾ?

ಗೊತ್ತಾಗಲ್ಲ. ನಿಮ್ಮ ಕರೆಗಳು ಬೇರೆ ನಂಬರ್‌ಗೆ ಫಾರ್ವರ್ಡ್ ಆಗುತ್ತಿವೆಯಾ ಅಂತ ಮಾತ್ರ ಆ ಕೋಡ್ ಹೇಳುತ್ತದೆ. ವಂಚಕರು ಒಟಿಪಿ ಕದಿಯಲು ಕಾಲ್ ಫಾರ್ವರ್ಡಿಂಗ್ ಬಳಸುವುದರಿಂದ ಆಗಾಗ ನೋಡಿಕೊಳ್ಳುವುದು ಒಳ್ಳೆಯದೇ. ಸರ್ಕಾರಿ ಕದ್ದಾಲಿಕೆ ನಡೆಯುವುದು ಕಂಪನಿಯ ಸ್ವಿಚ್‌ನಲ್ಲಿ, ಅಂದರೆ ಕರೆಗಳನ್ನು ಜೋಡಿಸುವ ಯಂತ್ರದಲ್ಲಿ. ನಿಮ್ಮ ಫೋನ್‌ನಲ್ಲಿ ಅದರ ಗುರುತೇ ಇರಲ್ಲ. ಬ್ಯಾಟರಿ ಬಿಸಿಯಾಗುವುದು, ಕಟಕಟ ಶಬ್ದ, ಮಾತು ಪ್ರತಿಧ್ವನಿಸುವುದು, ಇವೂ ಕದ್ದಾಲಿಕೆಯ ಲಕ್ಷಣಗಳಲ್ಲ.

ವಾಟ್ಸಾಪ್ ಮೆಸೇಜ್ ಸರ್ಕಾರ ಓದಬಹುದಾ?

ದಾರಿಯಲ್ಲಿ ಹೋಗುವಾಗ ಓದಲು ಆಗಲ್ಲ. ಕಳಿಸಿದವರ ಮತ್ತು ಪಡೆದವರ ಫೋನ್‌ನಲ್ಲಿ ಮಾತ್ರ ಬೀಗ ತೆರೆಯುವ ಗೂಢಲಿಪಿ ಅದು. ಕಂಪನಿಗೂ ಓದಲು ಬರಲ್ಲ. ಹಾಗಾದರೆ ಟಿವಿಯಲ್ಲಿ ಆರೋಪಿಗಳ ಚಾಟ್‌ಗಳು ಹೇಗೆ ಬರುತ್ತವೆ? ಹೆಚ್ಚಾಗಿ ವಶಪಡಿಸಿಕೊಂಡ ಫೋನ್‌ನಿಂದ, ಅಥವಾ ಇನ್ನೊಂದು ತುದಿಯಲ್ಲಿದ್ದವರ ಫೋನ್‌ನಿಂದ. ಗೂಗಲ್ ಡ್ರೈವ್‌ನಲ್ಲೋ ಐಕ್ಲೌಡ್‌ನಲ್ಲೋ ಇರುವ ಬ್ಯಾಕಪ್ ಇನ್ನೊಂದು ದಾರಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್‌ಗೂ ಗೂಢಲಿಪಿ ಹಾಕುವ ಆಯ್ಕೆ ಇದೆ, ಆನ್ ಮಾಡಿಕೊಳ್ಳಿ. ಲಿಂಕ್ ಆಗಿರುವ ಕಂಪ್ಯೂಟರ್‌ಗಳ ಪಟ್ಟಿಯನ್ನೂ ನೋಡಿ. ಆಫೀಸಿನ ಕಂಪ್ಯೂಟರ್‌ನಲ್ಲಿ ಲಾಗಿನ್ ಮಾಡಿ ಮರೆತಿರುತ್ತೀರಿ.

ಯಾರ ಜೊತೆ, ಯಾವಾಗ ಎನ್ನುವ ವಿವರ ಗೂಢಲಿಪಿಯ ಹೊರಗಿದೆ. ಒಂದು ಮೆಸೇಜ್ ಮೊದಲು ಬರೆದವರು ಯಾರು ಅಂತ ಹೇಳಲೇಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಅದನ್ನು ವಾಟ್ಸಾಪ್ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದೆ. ಗೂಢಲಿಪಿ ಮುರಿಯಲು ಒತ್ತಾಯಿಸಿದರೆ ಭಾರತ ಬಿಡಬೇಕಾಗುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ಅಲ್ಲಿ ವಾದಿಸಿತು.

"ನಿಮ್ಮ ಫೋನ್ ಸಿಬಿಐ ನಿಗಾದಲ್ಲಿದೆ" ಅಂತ ವಿಡಿಯೊ ಕಾಲ್ ಬಂತು. ಏನು ಮಾಡಲಿ?

ಕಟ್ ಮಾಡಿ. ನಿಗಾ ಇಟ್ಟವರು ಕರೆ ಮಾಡಿ ಹೇಳಲ್ಲ. ವಿಡಿಯೊ ಕಾಲ್‌ನಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ "ಡಿಜಿಟಲ್ ಅರೆಸ್ಟ್" ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

## ಕಾನೂನು ಏನು ಹೇಳುತ್ತದೆ

ಫೋನ್ ಕದ್ದಾಲಿಸೋಕೆ ಯಾರ ಅನುಮತಿ ಬೇಕು? ಜಡ್ಜ್ ಹತ್ತಿರ ಹೋಗಬೇಕಲ್ವಾ?

ಬೇಡ. ಕೇಳಿದವರಿಗೆಲ್ಲ ಇದು ಆಶ್ಚರ್ಯ ತರುತ್ತದೆ. ನಮ್ಮ ದೇಶದಲ್ಲಿ ಕದ್ದಾಲಿಕೆಗೆ ಕೋರ್ಟ್ ಆದೇಶ ಬೇಕಿಲ್ಲ. ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಸಹಿ ಹಾಕಿದರೆ ಆಯಿತು.

ಇದರ ಬೇರು ಬ್ರಿಟಿಷರು 1885ರಲ್ಲಿ ತಂದ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇದ್ದಾಗ ಮಾತ್ರ ಸಂದೇಶ ತಡೆಯಬಹುದು, ಕೇಳಬಹುದು ಎಂದು ಅದರ 5(2) ಸೆಕ್ಷನ್ ಹೇಳುತ್ತಿತ್ತು. ಅದರ ಜೊತೆಗೆ ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ತಡೆಯುವುದು, ಇವುಗಳಲ್ಲಿ ಒಂದು ಕಾರಣವೂ ಬೇಕು. ಆದರೆ ಅದನ್ನು ಯಾವ ವಿಧಾನದಲ್ಲಿ ಬಳಸಬೇಕು ಎಂಬ ನಿಯಮವೇ ಇರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಹಾಗೇ ನಡೆಯಿತು. ರಾಜಕಾರಣಿಗಳ ಫೋನ್ ಕದ್ದಾಲಿಕೆ ಬಯಲಾದ ಮೇಲೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟ್‌ಗೆ ಹೋಯಿತು. ಫೋನ್ ಮಾತುಕತೆ ಖಾಸಗಿತನದ ಭಾಗ ಎಂದು 1996ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿ, ಮಾರ್ಗಸೂಚಿ ಕೊಟ್ಟಿತು. ಅವು 2007ರಲ್ಲಿ ಟೆಲಿಗ್ರಾಫ್ ನಿಯಮಾವಳಿಯ 419ಎ ನಿಯಮವಾದವು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳು ಆ ಜಾಗಕ್ಕೆ ಬಂದಿವೆ. ಕಾರಣಗಳ ಪಟ್ಟಿ ಹೆಚ್ಚುಕಡಿಮೆ ಹಳೆಯದೇ.

ಒಂದು ಆದೇಶ 60 ದಿನ ನಡೆಯುತ್ತದೆ. ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ತುರ್ತು ಸಂದರ್ಭದಲ್ಲಿ ರಾಜ್ಯದ ಐಜಿ ದರ್ಜೆಯ ಅಧಿಕಾರಿಯೂ ಆದೇಶ ಕೊಡಬಹುದು. ಆಗ ಮೂರು ಕೆಲಸದ ದಿನಗಳಲ್ಲಿ ಮೇಲಿನವರಿಗೆ ತಿಳಿಸಬೇಕು. ಏಳು ಕೆಲಸದ ದಿನಗಳಲ್ಲಿ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು.

ಆ ಆದೇಶ ಸರಿ ಇದೆಯಾ ಅಂತ ಯಾರೂ ನೋಡಲ್ವಾ?

ಒಂದು ಪರಿಶೀಲನಾ ಸಮಿತಿ ಇದೆ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಅದರ ಅಧ್ಯಕ್ಷರು. ಸದಸ್ಯರೂ ಸರ್ಕಾರದ ಕಾರ್ಯದರ್ಶಿಗಳೇ. ಎರಡು ತಿಂಗಳಿಗೊಮ್ಮೆ ಸೇರಬೇಕು.

ಕೇಂದ್ರದ ಸಮಿತಿಯ ಮುಂದೆ ಪ್ರತಿ ಸಭೆಯಲ್ಲಿ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಬರೆದಿದೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಎಂಟು ಗಂಟೆ ಕೂತು, ಒಂದೊಂದು ಆದೇಶಕ್ಕೆ ಒಂದೇ ನಿಮಿಷ ಕೊಟ್ಟರೂ 15,000 ಮುಗಿಸಲು ತಿಂಗಳು ಬೇಕು. ಅದೂ ಬೇರೆ ಯಾವ ಕೆಲಸವೂ ಇಲ್ಲದ ಅಧಿಕಾರಿಗಳಾದರೆ. ಕೇಳುವವರು ಸರ್ಕಾರದವರು, ಕೊಡುವವರು ಸರ್ಕಾರದವರು, ಪರಿಶೀಲಿಸುವವರೂ ಸರ್ಕಾರದವರು. ಅವರಲ್ಲಿ ಪ್ರಾಮಾಣಿಕರು ತುಂಬಾ ಜನ ಇದ್ದಾರೆ. ಆದರೆ ಪ್ರಾಮಾಣಿಕರಿಗೂ ಇಷ್ಟು ಕಡತ ಓದಲು ಸಮಯ ಇಲ್ಲ.

ಯಾವ್ಯಾವ ಇಲಾಖೆಗೆ ಈ ಅಧಿಕಾರ ಇದೆ?

ಕಂಪ್ಯೂಟರ್ ಮತ್ತು ಡಿಜಿಟಲ್ ಮಾಹಿತಿಗೆ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ. ಅದರಡಿ 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಹತ್ತು ಸಂಸ್ಥೆಗಳ ಹೆಸರು ಪ್ರಕಟಿಸಿತು. ಗುಪ್ತಚರ ದಳ, ರಾ, ಸಿಬಿಐ, ಎನ್‌ಐಎ, ಇ.ಡಿ., ನೇರ ತೆರಿಗೆ ಮಂಡಳಿ, ಕಂದಾಯ ಗುಪ್ತಚರ ನಿರ್ದೇಶನಾಲಯ (ಡಿಆರ್‌ಐ), ಮಾದಕವಸ್ತು ನಿಯಂತ್ರಣ ಬ್ಯೂರೊ, ದೆಹಲಿ ಪೊಲೀಸ್ ಕಮಿಷನರ್, ಜಮ್ಮು ಕಾಶ್ಮೀರ, ಈಶಾನ್ಯ ಮತ್ತು ಅಸ್ಸಾಂಗೆ ಮಾತ್ರ ಸೇನಾ ಸಿಗ್ನಲ್ ಗುಪ್ತಚರ ವಿಭಾಗ. ತೆರಿಗೆಯವರು ಈ ಪಟ್ಟಿಯಲ್ಲಿ ಯಾಕೆ ಎಂಬ ಪ್ರಶ್ನೆ ಆಗಲೂ ಎದ್ದಿತ್ತು.

ಕೇಂದ್ರದ ಸಿಎಂಎಸ್ ಎಂಬ ವ್ಯವಸ್ಥೆಯೂ ಗೊತ್ತಿರಲಿ. ಮೊದಲು ಆದೇಶದ ಕಾಗದ ಸಿಮ್ ಕಂಪನಿಯ ಅಧಿಕಾರಿಯ ಕೈಗೆ ಹೋಗಬೇಕಿತ್ತು. ಆತ ಸಹಿ, ದಿನಾಂಕ ನೋಡಿ ಕೆಲಸ ಶುರು ಮಾಡುತ್ತಿದ್ದ. ಸಿಎಂಎಸ್‌ನಲ್ಲಿ ಕಂಪನಿಯವರ ಕೈಯಿಲ್ಲದೆಯೇ ನೇರವಾಗಿ ಕದ್ದಾಲಿಸಬಹುದು. ಆದೇಶ ಈಗಲೂ ಬೇಕು. ಆದರೆ ಆದೇಶವನ್ನು ನೋಡುತ್ತಿದ್ದ ಏಕೈಕ ಹೊರಗಿನ ಕಣ್ಣು ಹೋಯಿತು.

ಸಿಡಿಆರ್ ತೆಗೆಸೋಕೂ ಗೃಹ ಕಾರ್ಯದರ್ಶಿ ಸಹಿ ಬೇಕಾ?

ಬೇಡ. ಅದು ಇನ್ನೂ ಸುಲಭ. ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 94ನೇ ಸೆಕ್ಷನ್ ಅಡಿ ಪೊಲೀಸರೇ ಕೇಳಬಹುದು. ಹಳೆಯ ಸಿಆರ್‌ಪಿಸಿಯಲ್ಲಿ ಅದು 91ನೇ ಸೆಕ್ಷನ್ ಆಗಿತ್ತು. ಜೇಟ್ಲಿ ಪ್ರಕರಣದ ನಂತರ ಎಸ್‌ಪಿ ಅಥವಾ ಮೇಲಿನ ದರ್ಜೆಯ ಅಧಿಕಾರಿಯ ಮೂಲಕವೇ ಹೋಗಬೇಕು ಎಂದು ಗೃಹ ಸಚಿವಾಲಯ ಬಿಗಿ ಮಾಡಿತು.

ನನ್ನ ಗಂಡನ ಟವರ್ ಲೊಕೇಶನ್ ತೆಗೆಸಬಹುದಾ? ಡೈವೋರ್ಸ್ ಕೇಸ್‌ಗೆ ಬೇಕು.

ಪೊಲೀಸ್ ಪರಿಚಯದವರ ಮೂಲಕ ತೆಗೆಸುವುದು ಅಪರಾಧ. ಕೋರ್ಟ್ ಮೂಲಕ ಕೇಳಬಹುದು, ಆದರೆ ಅದಕ್ಕೂ ಮಿತಿ ಇದೆ. ಒಂದು ದಾಂಪತ್ಯ ಕಲಹದಲ್ಲಿ, ಹೆಂಡತಿಯ ಜೊತೆ ಸಂಬಂಧ ಇದೆ ಎನ್ನಲಾದ ಮೂರನೇ ವ್ಯಕ್ತಿಯ ಟವರ್ ವಿವರ ತರಿಸಲು ಕೆಳಗಿನ ಕೋರ್ಟ್ ಒಪ್ಪಿತ್ತು. 2022ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನು ರದ್ದು ಮಾಡಿದರು. ಕೇಸಿನಲ್ಲಿ ಪಕ್ಷಗಾರರೇ ಅಲ್ಲದವರ ಖಾಸಗಿತನವನ್ನು ಹೀಗೆ ಮುರಿಯುವಂತಿಲ್ಲ ಎನ್ನುವುದು ತೀರ್ಪಿನ ಸಾರ.

ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂತಲ್ಲ, ಅದರಿಂದ ಏನು ಬದಲಾಯ್ತು?

ಆ ತೀರ್ಪಿನ ಹಿಂದೆ ನಮ್ಮವರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಅವರು ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹಕ್ಕು ಹೌದು ಎಂದರು. ಪುಟ್ಟಸ್ವಾಮಿ ಅವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳಿಗೂ ಗೊತ್ತು, ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಬೇಕಿತ್ತು.

ಈಗ ಸರ್ಕಾರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು. ಉದ್ದೇಶ ನ್ಯಾಯವಾಗಿರಬೇಕು. ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು. ಎಲ್ಲ ಸಿಮ್‌ಗೂ ಆಧಾರ್ ಜೋಡಿಸಬೇಕೆಂಬ ಸುತ್ತೋಲೆ 2018ರ ಸೆಪ್ಟೆಂಬರ್‌ನಲ್ಲಿ ಬಿದ್ದುಹೋಗಿದ್ದು ಇದೇ ಅಳತೆಯಲ್ಲಿ. ಜಾಮೀನು ಬೇಕಾದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಪಿನ್ ಹಾಕಿ ತನಿಖಾಧಿಕಾರಿಗೆ ಲೊಕೇಶನ್ ತೋರಿಸುತ್ತಿರಬೇಕು ಎಂಬ ಷರತ್ತನ್ನೂ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಆದರೆ ಗೃಹ ಕಾರ್ಯದರ್ಶಿಯ ಸಹಿಯಿಂದಲೇ ಕದ್ದಾಲಿಸುವ ವ್ಯವಸ್ಥೆ ಹಾಗೇ ನಿಂತಿದೆ.

ಹೊಸ ಡೇಟಾ ರಕ್ಷಣೆ ಕಾಯ್ದೆ ನಮ್ಮನ್ನು ಕಾಪಾಡಲ್ವಾ?

ಕಂಪನಿಗಳಿಂದ ಸ್ವಲ್ಪ ಮಟ್ಟಿಗೆ. 2023ರ ಆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಯನ್ನಾದರೂ ಅಧಿಸೂಚನೆ ಹೊರಡಿಸಿ ಕಾಯ್ದೆಯಿಂದಲೇ ಹೊರಗಿಡಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಈ ಪ್ರಶ್ನೆಗೆ ಅವು ಉತ್ತರ ಕೊಡಲ್ಲ.

## ನಮ್ಮ ರಾಜ್ಯದಲ್ಲಿ

ಕರ್ನಾಟಕದಲ್ಲಿ ಇಂಥದ್ದು ನಡೆದಿದೆಯಾ?

ಇಲ್ಲಿ ಇದಕ್ಕಾಗಿ ಮುಖ್ಯಮಂತ್ರಿಯ ಕುರ್ಚಿಯೇ ಹೋಗಿದೆ. 1988ರ ಆಗಸ್ಟ್‌ನಲ್ಲಿ, ರಾಜಕಾರಣಿಗಳ ಫೋನ್ ಕದ್ದಾಲಿಸಿದ ಆರೋಪದ ಬಿರುಗಾಳಿಯಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಮೌಲ್ಯಾಧಾರಿತ ರಾಜಕಾರಣದ ಹೆಸರಿನಲ್ಲಿ ಜನ ಪ್ರೀತಿಸಿದ ನಾಯಕರ ಕಾಲದಲ್ಲೇ ಇದು ಆಯಿತು. ಆದ್ದರಿಂದಲೇ "ಒಳ್ಳೆಯವರು ಅಧಿಕಾರದಲ್ಲಿದ್ದರೆ ಸಾಕು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

2019ರಲ್ಲಿ ಸಮ್ಮಿಶ್ರ ಸರ್ಕಾರ ಬಿದ್ದ ಮೇಲೆ, ಆ ಅವಧಿಯಲ್ಲಿ ಫೋನ್ ಕದ್ದಾಲಿಕೆ ನಡೆದಿದೆ ಎಂಬ ಆರೋಪವನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಒಪ್ಪಿಸಿತು. ಎರಡು ವರ್ಷದ ನಂತರ ಪೆಗಾಸಸ್ ವರದಿಗಳು ಬಂದಾಗ, ಅದೇ 2019ರ ಸುಮಾರಿಗೆ ಸಮ್ಮಿಶ್ರ ಸರ್ಕಾರದ ನಾಯಕರಿಗೆ ಹತ್ತಿರದವರ ನಂಬರ್‌ಗಳು ಗುರಿಯ ಪಟ್ಟಿಯಲ್ಲಿದ್ದವು ಎಂದು ಸುದ್ದಿಯಾಯಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನ್ ಒಳಗೆ ಸ್ಪೈವೇರ್ ಹೊಕ್ಕಿತ್ತು ಎಂದಲ್ಲ. ಪಕ್ಕದ ತೆಲಂಗಾಣದಲ್ಲೂ 2024ರಲ್ಲಿ ಕದ್ದಾಲಿಕೆ ಆರೋಪದ ಮೇಲೆ ಪೊಲೀಸ್ ಅಧಿಕಾರಿಗಳೇ ಬಂಧನಕ್ಕೊಳಗಾದರು.

ಕೊರೊನಾ ಕಾಲದಲ್ಲಿ ಫೋನ್‌ನಿಂದಲೇ ನಮ್ಮನ್ನು ಕಾಯ್ತಿದ್ದರಲ್ಲ, ಆ ಡೇಟಾ ಏನಾಯ್ತು?

2020ರ ಮಾರ್ಚ್‌ನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ನಮ್ಮ ರಾಜ್ಯ ಆದೇಶಿಸಿತ್ತು. ಫೋಟೊ ಜೊತೆ ಲೊಕೇಶನ್ ಹೋಗುತ್ತಿತ್ತು. ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸದ ಪಟ್ಟಿಯೂ ಪ್ರಕಟವಾಯಿತು. ಅದು ವಾಟ್ಸಾಪ್‌ನಲ್ಲಿ ಹರಿದಾಡಿತು. ರೋಗವೇ ಇಲ್ಲದವರನ್ನು ಅಕ್ಕಪಕ್ಕದವರು ನೋಡಿದ ರೀತಿಯನ್ನು ಅನುಭವಿಸಿದವರು ಮರೆತಿಲ್ಲ.

ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಲು ಕೇಂದ್ರ ತಂದ ಆರೋಗ್ಯ ಸೇತು ಆಪ್ ಬಗ್ಗೆ ಬೆಂಗಳೂರಿನ ಒಬ್ಬ ತಂತ್ರಜ್ಞರು ಹೈಕೋರ್ಟ್‌ಗೆ ಹೋದರು. ಬಳಕೆದಾರರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅವರ ಆರೋಗ್ಯ ಮಾಹಿತಿಯನ್ನು ಬೇರೆ ಇಲಾಖೆಗಳ ಜೊತೆ ಹಂಚಿಕೊಳ್ಳಬಾರದು ಎಂದು 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಬಂತು. ದೇಶದಲ್ಲೇ ಮುಖ್ಯವಾದ ಆದೇಶ ಅದು.

ಸಂಚಾರ್ ಸಾಥಿ ಆಪ್ ಹಾಕಿಕೊಳ್ಳಬಹುದಾ?

ಅದು ಕೇಂದ್ರ ದೂರಸಂಪರ್ಕ ಇಲಾಖೆಯ ಆಪ್. ಕಳುವಾದ ಫೋನ್ ಬ್ಲಾಕ್ ಮಾಡಲು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಅದು ಅನುಕೂಲ. ಇವೇ ಕೆಲಸ ಅದರ ವೆಬ್‌ಸೈಟ್‌ನಲ್ಲೂ ಆಗುತ್ತವೆ, ನಾನು ಹೇಳುವುದು ವೆಬ್‌ಸೈಟ್. ಎಲ್ಲ ಹೊಸ ಫೋನ್‌ಗಳಲ್ಲೂ ಮೊದಲೇ ಹಾಕಿ ಮಾರಬೇಕೆಂದು 2025ರ ನವೆಂಬರ್ 28ರಂದು ಕಂಪನಿಗಳಿಗೆ ಆದೇಶ ಹೋಯಿತು. ದೇಶದ ಎಲ್ಲ ಕಡೆಯಿಂದ ವಿರೋಧ ಬಂತು. ಡಿಸೆಂಬರ್ 3ರಂದು ಕಡ್ಡಾಯ ಮಾಡುವುದನ್ನು ಕೈಬಿಟ್ಟರು. ಕೇಳಿದರೆ ಸರ್ಕಾರ ಹಿಂದೆ ಸರಿಯುತ್ತದೆ. ಕೇಳಬೇಕು ಅಷ್ಟೇ.

## ಇನ್ನೂ ಮುಂದೆ ಕೇಳುವವು

ರಸ್ತೆಯಲ್ಲಿ ಪೊಲೀಸರು ತಡೆದು ಫೋನ್ ಅನ್‌ಲಾಕ್ ಮಾಡು ಅಂದರೆ?

ಸುಮ್ನೆ ತಡೆದು ಗ್ಯಾಲರಿ, ಚಾಟ್ ನೋಡುವ ಅಧಿಕಾರ ಅವರಿಗಿಲ್ಲ. "ಯಾವ ಕೇಸ್ ಸರ್, ನೋಟಿಸ್ ಇದೆಯಾ?" ಎಂದು ಮರ್ಯಾದೆಯಿಂದ ಕೇಳಿ. ಜಗಳಕ್ಕೆ ಹೋಗಬೇಡಿ. ಠಾಣೆಯ ಹೆಸರು, ಸಮಯ ಬರೆದಿಟ್ಟುಕೊಳ್ಳಿ.

ನಿಮ್ಮ ಮೇಲೆ ಕೇಸ್ ಇದ್ದರೆ ಬೇರೆ ಮಾತು. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಡ್ರಗ್ಸ್ ಪ್ರಕರಣದಲ್ಲಿ, ಫೋನ್ ಶೋಧಕ್ಕೆ ಸಾಮಾನ್ಯವಾಗಿ ಸರ್ಚ್ ವಾರಂಟ್ ಬೇಕು, ತುರ್ತು ಇದ್ದರೆ ಕಾರಣ ಬರೆದಿಡಬೇಕು ಎಂದಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಅದನ್ನು ನಾನು ಒಪ್ಪಲಾರೆ. ಬೀಗದ ಗುಟ್ಟು ಇರುವುದು ನನ್ನ ತಲೆಯಲ್ಲಿ.

ಪೆಗಾಸಸ್ ಕೇಸ್ ಕೊನೆಗೆ ಏನಾಯ್ತು?

ಪೆಗಾಸಸ್ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಸ್ಪೈವೇರ್. ಯಾವ ಲಿಂಕ್ ಒತ್ತದೆಯೂ ಫೋನ್ ಒಳಗೆ ಹೊಗಬಲ್ಲದು. ಒಳಗೆ ಹೋದ ಮೇಲೆ ಗೂಢಲಿಪಿಯಿಂದ ಲಾಭ ಇಲ್ಲ, ಏಕೆಂದರೆ ನೀವು ಸ್ಕ್ರೀನ್ ಮೇಲೆ ಓದುವುದನ್ನು ಅದೂ ಓದುತ್ತದೆ. ಮೈಕ್, ಕ್ಯಾಮೆರಾ ಆನ್ ಮಾಡಬಲ್ಲದು. ಸರ್ಕಾರಗಳಿಗೆ ಮಾತ್ರ ಮಾರುತ್ತೇವೆ ಎಂದು ಕಂಪನಿ ಹೇಳುತ್ತದೆ.

ನಮ್ಮ ದೇಶದವರ ಫೋನ್‌ಗಳೂ ಅದರ ಗುರಿಯಾಗಿದ್ದವು ಎಂದು 2021ರ ಜುಲೈನಲ್ಲಿ ವರದಿಗಳು ಬಂದವು. ಕೊಂಡಿದ್ದೀರಾ ಇಲ್ಲವಾ ಎಂದರೆ ದೇಶದ ಭದ್ರತೆಯ ಕಾರಣಕ್ಕೆ ಹೇಳುವುದಿಲ್ಲ ಎಂದಿತು ಕೇಂದ್ರ. ಭದ್ರತೆ ಎಂದ ಕೂಡಲೇ ಕೋರ್ಟ್ ಕೈಕಟ್ಟಿ ಕೂರುವುದಿಲ್ಲ ಎಂದು ಹೇಳಿ ಸುಪ್ರೀಂ ಕೋರ್ಟ್ ಅಕ್ಟೋಬರ್ 27ರಂದು ತಾಂತ್ರಿಕ ಸಮಿತಿ ಮಾಡಿತು. ಅದರ ಮೇಲುಸ್ತುವಾರಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರದು. 2022ರ ಆಗಸ್ಟ್‌ನಲ್ಲಿ ತಿಳಿದಿದ್ದು ಇಷ್ಟು: ಪರೀಕ್ಷೆಗೆ ಬಂದ 29 ಫೋನ್‌ಗಳಲ್ಲಿ ಐದರಲ್ಲಿ ಏನೋ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್ ಇತ್ತು. ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ.

ಅಮೆರಿಕದಲ್ಲಿ ವಾಟ್ಸಾಪ್ ಹೂಡಿದ ದಾವೆಯಲ್ಲಿ 2024ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಒ ಹೊಣೆಗಾರ ಎಂದು ತೀರ್ಪಾಯಿತು. ಇಲ್ಲಿ ಗುರಿಯಾದವರಿಗೆ ಯಾರು ಮಾಡಿದರು ಎಂಬ ಒಂದು ಸಾಲಿನ ಉತ್ತರವೂ ಸಿಕ್ಕಿಲ್ಲ.

ಪತ್ರಕರ್ತರು, ವಕೀಲರು, ಹೋರಾಟಗಾರರು ಫೋನ್ ತಪ್ಪದೆ ಅಪ್‌ಡೇಟ್ ಮಾಡಬೇಕು. ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಬೇಕು. ಐಫೋನ್ ಇದ್ದರೆ ಇಂಥ ದಾಳಿಯನ್ನು ಕಷ್ಟ ಮಾಡುವ ಲಾಕ್‌ಡೌನ್ ಮೋಡ್ ಬಳಸಬೇಕು. ಉಳಿದವರಿಗೆ ಪೆಗಾಸಸ್ ಚಿಂತೆ ಬೇಡ, ಅದು ತುಂಬಾ ದುಬಾರಿ. ನಿಮಗೆ ಹತ್ತಿರದ ಅಪಾಯ ಸಿಡಿಆರ್.

ನಾನು ಅಮೆರಿಕದಲ್ಲಿದ್ದೀನಿ. ಅಲ್ಲೂ ಹೀಗೇ ಅಲ್ವಾ?

ಅಲ್ಲೂ ಸಾಕಷ್ಟು ಕೆಟ್ಟದ್ದಿದೆ, 2013ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಯ ಗುಟ್ಟಿನ ಕಡತಗಳನ್ನು ಹೊರಗಿಟ್ಟ ಎಡ್ವರ್ಡ್ ಸ್ನೋಡೆನ್ ಅದನ್ನು ತೋರಿಸಿದರು. ಆದರೆ ಒಂದು ವ್ಯತ್ಯಾಸ ದೊಡ್ಡದು. ಟವರ್ ಲೊಕೇಶನ್‌ನ ಹಳೆಯ ದಾಖಲೆಗೆ ಸಾಮಾನ್ಯವಾಗಿ ಕೋರ್ಟ್ ವಾರಂಟ್ ಬೇಕು ಎಂದು 2018ರ ಜೂನ್‌ನಲ್ಲಿ ಕಾರ್ಪೆಂಟರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಬ್ರಿಟನ್‌ನಲ್ಲಿ 2016ರ ಕಾಯ್ದೆಯಿಂದ ಮಂತ್ರಿಯ ಸಹಿ ಸಾಲದು, ನ್ಯಾಯಾಂಗ ಆಯುಕ್ತರೊಬ್ಬರೂ ಒಪ್ಪಬೇಕು. ನಮಗೆ 1885ರ ಕಾಯ್ದೆ ಕೊಟ್ಟುಹೋದ ದೇಶವೇ ತನ್ನ ಮನೆಯಲ್ಲಿ ಪದ್ಧತಿ ಬದಲಿಸಿಕೊಂಡಿದೆ.

ಕಾನೂನಿನಲ್ಲಿ ಏನು ಬದಲಾಗಬೇಕು ಅಂತೀರಿ?

ಆದೇಶ ಕೊಡುವ ಮುಂಚೆ ಒಬ್ಬ ನ್ಯಾಯಾಧೀಶರು ಕಡತ ನೋಡಬೇಕು. ತುರ್ತಿದ್ದರೆ ಎರಡು ದಿನದೊಳಗೆ ನೋಡಲಿ. ತನಿಖೆ ಮುಗಿದು ಏನೂ ಸಿಗದಿದ್ದರೆ, "ಇಷ್ಟು ದಿನ ನಿಮ್ಮ ಫೋನ್ ಕೇಳಿದ್ದೆವು" ಎಂದು ಆ ವ್ಯಕ್ತಿಗೆ ತಿಳಿಸಬೇಕು. ನನಗೆ ಎಲ್ಲಕ್ಕಿಂತ ಮುಖ್ಯ ಇದು. ಗೊತ್ತೇ ಆಗದ ಅನ್ಯಾಯದ ವಿರುದ್ಧ ಯಾರು ಕೋರ್ಟ್‌ಗೆ ಹೋಗುತ್ತಾರೆ? ಎಷ್ಟು ಆದೇಶ ಕೊಟ್ಟರು, ಎಷ್ಟು ತಿರಸ್ಕರಿಸಿದರು ಎಂಬ ಲೆಕ್ಕವನ್ನು ಕೇಂದ್ರವೂ ರಾಜ್ಯವೂ ವರ್ಷವರ್ಷ ಸದನದ ಮುಂದಿಡಬೇಕು. ಇದರಲ್ಲಿ ಹೆಸರು ಬೇಕಿಲ್ಲ, ಗುಟ್ಟು ಬಯಲಾಗಲ್ಲ. ಕರ್ನಾಟಕದ ಗೃಹ ಇಲಾಖೆ ತನ್ನ ಪಾಲಿನ ಲೆಕ್ಕ ಕೊಡಲು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ನಿಮ್ಮ ಶಾಸಕರಿಗೆ ಈ ಪ್ರಶ್ನೆ ಕೇಳಿ ನೋಡಿ.

ನನ್ನ ಫೋನ್ ಕದ್ದಾಲಿಸಿದಾರಾ ಅಂತ ಆರ್‌ಟಿಐ ಹಾಕಬಹುದಾ?

ಹಾಕಬಹುದು, ಉತ್ತರ ಸಿಗಲ್ಲ. ಭದ್ರತೆ, ತನಿಖೆಯ ಹೆಸರಿನಲ್ಲಿ 8ನೇ ಸೆಕ್ಷನ್ ತೋರಿಸುತ್ತಾರೆ. 2023ರಲ್ಲಿ ದೆಹಲಿ ಹೈಕೋರ್ಟ್ ಕೂಡ ಇಂಥ ಮಾಹಿತಿ ಕೊಡಬೇಕಿಲ್ಲ ಎಂದಿತು. ಒಟ್ಟು ಸಂಖ್ಯೆ ಕೇಳುವ ಅರ್ಜಿಗಳಿಗೆ ಕೆಲವೊಮ್ಮೆ ಉತ್ತರ ಬಂದಿದೆ.

ಅಕ್ರಮವಾಗಿ ಕದ್ದಾಲಿಸಿದ್ದು ಗೊತ್ತಾದರೆ ಏನು ಮಾಡಬೇಕು?

ಸಾಮಾನ್ಯವಾಗಿ ಇದು ಗೊತ್ತಾಗುವುದು ಚಾರ್ಜ್‌ಶೀಟ್‌ನಲ್ಲಿ ರೆಕಾರ್ಡಿಂಗ್ ಕಂಡಾಗ. ವಕೀಲರ ಮೂಲಕ ಮೊದಲು ಆದೇಶದ ಪ್ರತಿ, ದಿನಾಂಕ, ಕಾರಣ, ಪರಿಶೀಲನಾ ಸಮಿತಿಯ ದಾಖಲೆ ಕೇಳಿ. 2019ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಒಂದು ಲಂಚದ ಪ್ರಕರಣದಲ್ಲಿ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿ, ರೆಕಾರ್ಡಿಂಗ್ ನಾಶ ಮಾಡಲು ಹೇಳಿತು. ಅಲ್ಲಿ ಸಾರ್ವಜನಿಕ ತುರ್ತೂ ಇರಲಿಲ್ಲ, ಸುರಕ್ಷತೆಯ ಪ್ರಶ್ನೆಯೂ ಇರಲಿಲ್ಲ ಎನ್ನುವುದು ಕಾರಣ. ಆದರೆ ಎಲ್ಲ ಕೋರ್ಟ್‌ಗಳೂ ಹೀಗೆ ಹೇಳುತ್ತವೆ ಎಂದು ನಂಬಬೇಡಿ. ಸಾಕ್ಷ್ಯ ಹೇಗೆ ಸಿಕ್ಕಿತು ಎನ್ನುವುದಕ್ಕಿಂತ ಕೇಸಿಗೆ ಸಂಬಂಧ ಇದೆಯಾ ಎಂದು ನೋಡುವ ಹಳೆಯ ಪದ್ಧತಿ ಸುಪ್ರೀಂ ಕೋರ್ಟ್‌ನ 1972ರ ಮಲ್ಕಾನಿ ತೀರ್ಪಿನಿಂದ ನಡೆದುಬಂದಿದೆ.

ಯಾವ ಆದೇಶವೂ ಇಲ್ಲದೆ ಕದ್ದಾಲಿಸಿದ್ದರೆ ಅದು ಶಿಕ್ಷಾರ್ಹ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿಯನ್ನೂ ಹಾಕಬಹುದು. ಸ್ಪೈವೇರ್ ಅನುಮಾನ ಇದ್ದರೆ ಫೋನ್ ಅನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಅದನ್ನು ಹಾಗೇ ತೆಗೆದಿಟ್ಟು ಬೇರೆ ಫೋನ್ ಬಳಸಿ. ಆಪಲ್‌ನಿಂದಲೋ ಗೂಗಲ್‌ನಿಂದಲೋ ಎಚ್ಚರಿಕೆ ಬಂದಿದ್ದರೆ ಆ ಇಮೇಲ್ ಅಳಿಸಬೇಡಿ. ಪರೀಕ್ಷೆ ಮಾಡುವವರಿಗೆ ಮೊದಲು ಬೇಕಾಗುವುದು ಅವೆರಡೇ.